ಎರಡು ಕ್ರೇಟು ಟೊಮೆಟೊ

"ಒಂದೇ ಕ್ರೇಟು ಬೇಕಂದ್ರೆ ಆಗಲೇ ಹೇಳಿದ ರೇಟು. ಎರಡೂ ಎತ್ಕೊಂಡು ಹೋಗ್ತೀನಿ ಅಂದ್ರೆ ಅರ್ಧ. ಬೇಗ ಹೇಳಿ ಯಜಮಾನ್ರೇ, ನಾನು ಶಟರ್ ಎಳೀಬೇಕು," ಎಂದ ಮಂಡಿಯ ತರಕಾರಿ ವ್ಯಾಪಾರಿ. ಅವನ ಒಂದು ಕೈ ಆಗಲೇ ಶಟರಿನ ಮೇಲಿತ್ತು.

ಸೌಟಣ್ಣ ಒಂದು ಟೊಮೆಟೊ ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡಿದ. ಚೆನ್ನಾಗಿ ಹಣ್ಣಾಗಿತ್ತು. ಸ್ವಲ್ಪ ಜಾಸ್ತಿಯೇ ಹಣ್ಣಾಗಿತ್ತು ಅನ್ನಿ. ಅದು ಅವನಿಗೆ ಗೊತ್ತಾಗಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಇಪ್ಪತ್ತು ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿದವನು. ಆದರೆ ಅರ್ಧ ರೇಟು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಹೆಬ್ಬೆರಳು ಹೇಳಿದ್ದನ್ನು ತಲೆ ಕೇಳಿಸಿಕೊಳ್ಳಲಿಲ್ಲ. ಮಡಚಿಟ್ಟಿದ್ದ ನೋಟುಗಳನ್ನು ತೆಗೆದು ಕೊಟ್ಟೇಬಿಟ್ಟ. ತಿಂಗಳು ಮುಗಿಯುವ ತನಕ ತರಕಾರಿಗೆಂದು ಉಳಿದಿದ್ದ ದುಡ್ಡು ಹೆಚ್ಚುಕಮ್ಮಿ ಅಷ್ಟೇ.

ಕ್ಯಾಂಟೀನಿನಲ್ಲಿ ಅವನ ಕೈಯಲ್ಲಿ ಸದಾ ಇರುತ್ತಿದ್ದ ಮೊಳದುದ್ದದ ಸೌಟಿನಿಂದಲೇ ಆ ಹೆಸರು ಬಂದದ್ದು. ಅವನು ಜನ್ಮದಲ್ಲಿ ಈರುಳ್ಳಿಯನ್ನು ಮೂಟೆಗಿಂತ ಕಮ್ಮಿ ಕೊಂಡವನಲ್ಲ. ಈಗ ಕಾರ್ಖಾನೆಯವರು ಊಟವನ್ನು ಯಾವುದೋ ಗುತ್ತಿಗೆದಾರನಿಗೆ ಒಪ್ಪಿಸಿ ಕ್ಯಾಂಟೀನಿಗೆ ಬೀಗ ಹಾಕಿದ್ದರು. ಸೌಟಣ್ಣ ಮನೆಯಲ್ಲಿ, ಅವನ ಹೆಂಡತಿ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ. ಬೆಳಗಾದರೆ ಅವಳು ಕಂಪನಿ ವ್ಯಾನು ಹತ್ತುತ್ತಾಳೆ, ದೀಪ ಹಚ್ಚುವ ಹೊತ್ತಿಗೆ ಕತ್ತು ಒತ್ತಿಕೊಳ್ಳುತ್ತ ಇಳಿಯುತ್ತಾಳೆ. ದಿನವಿಡೀ ಅಂಗಿಗೆ ಕಾಲರ್ ಹಚ್ಚುವ ಕೆಲಸ. ಬಗ್ಗಿದ ಕತ್ತು ಬಗ್ಗಿದ ಹಾಗೇ ಇರಬೇಕು.

ತಿಂಗಳ ಮೊದಲಲ್ಲಿ ಅವಳು ಅಡುಗೆಮನೆಯ ದುಡ್ಡನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅವನ ಕೈಗೆ ಕೊಟ್ಟಿದ್ದಳು. "ದಿನಸಿ, ತರಕಾರಿ, ಹಾಲು ಎಲ್ಲಾ ಇದ್ರಲ್ಲೇ ಮುಗೀಬೇಕು ರೀ. ಸಾಲ್ದೆ ಹೋದ್ರೆ ಹೇಳಿಬಿಡಿ, ಭಾನುವಾರದ ಡ್ಯೂಟಿಗೆ ಹೆಸ್ರು ಕೊಡ್ತೀನಿ. ಡಬಲ್ ಕೂಲಿ ಸಿಗುತ್ತೆ." ಸೀರೆ ಮಡಚುತ್ತ ಹೇಳಿದ ಮಾತು. ಆದರೆ ಸೌಟಣ್ಣನಿಗೆ ಅದು ಹಗುರವಾಗಿ ಕೇಳಿಸಲಿಲ್ಲ. ವಾರಕ್ಕೆ ಅವಳಿಗೆ ಇದ್ದದ್ದು ಆ ಒಂದು ಬೆಳಗು. ಅವತ್ತು ಬಿಸಿಲು ಕಿಟಕಿ ಹತ್ತಿ ಮುಖದ ಮೇಲೆ ಬೀಳುವ ತನಕ ಅವಳು ಮಲಗುತ್ತಿದ್ದಳು. ಮನೆಮಂದಿಯೆಲ್ಲ ತುದಿಗಾಲಲ್ಲಿ ಓಡಾಡುತ್ತಿದ್ದರು; ಯಾರಿಗೂ ಹೆದರದ ಅವನ ಅತ್ತೆ ಕೂಡ ಕೆಮ್ಮು ಬಂದರೆ ಹಿತ್ತಿಲಿಗೆ ಹೋಗಿ ಕೆಮ್ಮಿ ಬರುತ್ತಿದ್ದಳು.

"ಭಾನುವಾರ ನೀನು ಆರಾಮಾಗಿ ಮಲಕ್ಕೋ. ನಾನಿದ್ದೀನಲ್ಲ," ಎಂದು ಎದೆ ತಟ್ಟಿಕೊಂಡಿದ್ದ.

"ಆಮೇಲೆ ಸಿಲಿಂಡರ್ ಒಂದು..." ಎಂದು ಅವಳು ಇನ್ನೂ ಏನೋ ಹೇಳುತ್ತಿದ್ದಳು. ಅವನು ಅಷ್ಟರಲ್ಲಿ ಚೀಲ ಹುಡುಕಲು ಎದ್ದಿದ್ದ.

ಸುಳ್ಳೇಕೆ, ತಿಂಗಳ ಮೊದಲರ್ಧ ಅವನು ಮನೆಯನ್ನು ಚಂದವಾಗಿಯೇ ನಡೆಸಿದ. ನಾಲ್ಕು ಅಂಗಡಿ ತಿರುಗಿ ಬೇಳೆ ಕೊಂಡ. ಹೂಕೋಸಿನ ದಂಟು ಹೆಚ್ಚಿ ಪಲ್ಯ ಮಾಡಿದ, ಮೂಲಂಗಿಯ ಸೊಪ್ಪನ್ನು ಬೇಳೆಗೆ ಹಾಕಿದ, ಉಳಿದ ಅನ್ನವನ್ನು ಬೆಳಿಗ್ಗೆ ಒಗ್ಗರಣೆಗೆ ಎಳೆದ. "ನಮ್ಮ ಅಳಿಯಂದ್ರ ಕೈಗೆ ಸಿಕ್ಕಿದ ಸಿಪ್ಪೆನೂ ಬಚಾವಾಗಲ್ಲ," ಎಂದು ಅತ್ತೆ ನಗೆಯಾಡಿದಳು. ಅವನು ಉಬ್ಬಿದ. ಉಬ್ಬಿದವನು ಮಂಡಿಗೆ ಹೋದ. ಮಂಡಿಗೆ ಹೋದವನು ಎರಡು ಕ್ರೇಟು ಹೊತ್ತು ಬಂದ.

ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು. "ಇದೇನ್ರೀ?"

"ತರಕಾರಿ. ತಿಂಗಳು ಪೂರ್ತಿ ಆಯ್ತು. ಅರ್ಧ ರೇಟಿಗೆ ಹೊಡ್ಕೊಂಡು ಬಂದೆ!"

"ನಾಲ್ಕು ಜನಕ್ಕೆ?"

"ಟೊಮೆಟೊ ಹಾಕ್ದೆ ಯಾವ ಅಡುಗೆ ಆಗುತ್ತೆ ಹೇಳು."

ಅವಳು ಒಂದು ಹಣ್ಣನ್ನು ಎತ್ತಿ, ಒತ್ತದೆ, ಮೆಲ್ಲಗೆ ವಾಪಸ್ ಇಟ್ಟಳು. "ಎಷ್ಟು ದಿನ ಇರುತ್ತೆ ಇದು?"

"ಕ್ಯಾಂಟೀನಲ್ಲಿ..." ಎಂದು ಶುರುಮಾಡಿದ ಸೌಟಣ್ಣ ಅಲ್ಲಿಗೇ ನಿಂತ. ಕ್ಯಾಂಟೀನಿನಲ್ಲಿ ಎರಡು ಕ್ರೇಟು ಟೊಮೆಟೊ ಮಧ್ಯಾಹ್ನದ ಊಟಕ್ಕೆ ಮೊದಲೇ ಖಾಲಿಯಾಗುತ್ತಿತ್ತು. ಅದು ಎಷ್ಟು ದಿನ ಇರುತ್ತದೆ ಎಂದು ನೋಡುವ ಪ್ರಸಂಗವೇ ಅವನಿಗೆ ಬಂದಿರಲಿಲ್ಲ. "ಇರುತ್ತೆ ಬಿಡು," ಎಂದ. ಆ ಮಾತಿನ ಮೇಲೆ ಅವನಿಗೇ ಭರವಸೆ ಇರಲಿಲ್ಲ.

ಅವತ್ತಿನಿಂದ ಅವನ ನೆಮ್ಮದಿ ಹೋಯಿತು. ಬೆಳಿಗ್ಗೆ ಎದ್ದವನೇ ಮುಖ ತೊಳೆಯುವ ಮೊದಲು ಹೋಗಿ ಕ್ರೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಹಳೇ ಪೇಪರ್ ಹಾಸಿ ಗಟ್ಟಿ ಇರುವುದನ್ನು ಒಂದು ಕಡೆ, ಮೆತ್ತಗಾದದ್ದನ್ನು ಇನ್ನೊಂದು ಕಡೆ ಹರಡುತ್ತಿದ್ದ. ಮೆತ್ತಗಾದ ಕಡೆಯ ರಾಶಿಯೇ ದಿನಾ ದೊಡ್ಡದಾಗುತ್ತಿತ್ತು. ಊಟಕ್ಕೂ ಟೊಮೆಟೊ, ತಿಂಡಿಗೂ ಟೊಮೆಟೊ. ಶಾಲೆಗೆ ಹೋಗುವ ಮಗಳು ಡಬ್ಬಿ ತೆರೆದು ನೋಡಿ, "ಅಪ್ಪಾ, ನನ್ನ ಫ್ರೆಂಡ್ಸೆಲ್ಲ ನನ್ನ ಪಕ್ಕ ಕೂತ್ಕೊಳ್ಳೋದು ಬಿಟ್ಟಿದಾರೆ," ಎಂದಳು. ಅತ್ತೆ ತಟ್ಟೆಯ ಮುಂದೆ ಕೂತು, "ಇವತ್ತು ಏನು ವಿಶೇಷ ಅಂತ ಕೇಳೋ ಹಾಗೇ ಇಲ್ಲ," ಎಂದಳು. ಎಲ್ಲರೂ ನಕ್ಕರು, ಅವನೂ ನಕ್ಕ. ನಗುವಾಗಲೂ ಮೂಗು ಮಾತ್ರ ಮೂಲೆಯಲ್ಲಿದ್ದ ಕ್ರೇಟಿನ ಕಡೆಗೇ ಇತ್ತು. ಹುಳಿ ವಾಸನೆ ಶುರುವಾಗಿತ್ತು, ಸಣ್ಣ ನೊಣ ಮುತ್ತತೊಡಗಿದ್ದವು.

ಗುರುವಾರ ಬೆಳಿಗ್ಗೆ ನೋಡಿದರೆ ಕೆಳಗಿನ ಕ್ರೇಟಿನಿಂದ ರಸ ಸೋರಿ ನೆಲದ ಮೇಲೆ ಹರಿದಿತ್ತು. ಸೌಟಣ್ಣ ಬಟ್ಟೆ ತಂದು ಒರೆಸಿದ. ಇದು ಹಾಳಾದರೆ ಮತ್ತೆ ತರಕಾರಿ ಕೊಳ್ಳಬೇಕು. ಡಬ್ಬಿಯಲ್ಲಿ ಉಳಿದಿರುವುದು ಹಾಲಿನ ದುಡ್ಡು. ಅಂದರೆ ಹೆಂಡತಿಯ ಭಾನುವಾರ ಹೋದಂತೆ. ಅಷ್ಟು ಯೋಚನೆ ಬಂದದ್ದೇ ತಡ, ಅವನು ಸೊಂಟಕ್ಕೆ ಟವೆಲ್ ಬಿಗಿದ. ಇರುವುದನ್ನೆಲ್ಲ ಕೊಚ್ಚಿ ಕುದಿಸಿ ನೀರು ಬತ್ತಿಸಿಬಿಟ್ಟರೆ ಗಟ್ಟಿ ಪೇಸ್ಟ್ ಆಗುತ್ತದೆ, ಉಪ್ಪು ಎಣ್ಣೆ ಹಾಕಿ ಬಾಟಲಿಗೆ ತುಂಬಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಕ್ಯಾಂಟೀನಿನಲ್ಲಿ ಎಷ್ಟು ಸಲ ಮಾಡಿರಲಿಲ್ಲ! ಮನೆಯಲ್ಲಿದ್ದ ಎರಡು ದೊಡ್ಡ ಪಾತ್ರೆಗಳನ್ನು ಎರಡೂ ಒಲೆಯ ಮೇಲಿಟ್ಟು ಉರಿ ಪೂರ್ತಿ ಎತ್ತಿದ. ಕುದಿ ಬಂದು ತಳಬಳ ಸದ್ದಾಗುತ್ತಿದ್ದ ಹಾಗೆ ಎಷ್ಟೋ ದಿನದ ಮೇಲೆ ಅವನಿಗೆ ಹಾಯೆನಿಸಿತು. ಹಳೆಯ ಹಾಡೊಂದನ್ನು ಗುನುಗಿದ ಕೂಡ.

ಮಧ್ಯಾಹ್ನದ ಹೊತ್ತಿಗೆ ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಬಂದು ಕೂತಳು.

"ಅಳಿಯಂದ್ರೇ, ಬೆಳಗಿಂದ ಉರೀತಾನೇ ಇದೆ."

"ನೀರು ಬತ್ತಬೇಕಲ್ಲ ಅತ್ತೆ. ಇದು ಅವಸರದ ಕೆಲಸ ಅಲ್ಲ."

"ಅವಳಾದ್ರೆ ಅನ್ನ ಒಂದು ಕುದಿ ಬಂದ ತಕ್ಷಣ ಒಲೆ ಆರಿಸಿ ಮೇಲೆ ಭಾರ ಇಟ್ಟುಬಿಡ್ತಾಳೆ. ಆ ಬಿಸಿಗೇ ಬೇಯುತ್ತೆ."

"ಅನ್ನ ಬೇರೆ, ಇದು ಬೇರೆ. ನೀವು ಹೋಗಿ ಸ್ವಲ್ಪ ಅಡ್ಡಾಗಿ."

"ನನಗೇನಪ್ಪ," ಎಂದು ಅತ್ತೆ ಮೊಣಕಾಲಿಗೆ ಕೈಯೂರಿ ಎದ್ದು ಹೋದಳು. ಅವನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕ್ಯಾಂಟೀನಿನ ಒಲೆಗೆ ಗೋಡೆಯೊಳಗಿಂದ ಪೈಪು ಬರುತ್ತಿತ್ತು. ತಿರುಗಿಸಿದರೆ ಭುಸ್ಸೆಂದು ಹೊತ್ತಿಕೊಳ್ಳುತ್ತಿತ್ತು, ಬಿಲ್ಲು ಯಾವುದೋ ಆಫೀಸಿನ ಮೇಜಿಗೆ ಹೋಗುತ್ತಿತ್ತು. ಈರುಳ್ಳಿಯ ಬೆಲೆ, ಎಣ್ಣೆಯ ಬೆಲೆ ಅವನಿಗೆ ಬಾಯಿಪಾಠ. ಉರಿಗೆ ಬೆಲೆ ಇದೆ ಎಂಬುದೇ ಅವನ ಲೆಕ್ಕದಲ್ಲಿ ಇರಲಿಲ್ಲ.

ಪೇಸ್ಟ್ ಇನ್ನೇನು ಸೌಟಿಗೆ ಅಂಟತೊಡಗಿತ್ತು. ಉರಿ ಹಳದಿಯಾಯಿತು. ಸೌಟಣ್ಣ ಬಗ್ಗಿ ನೋಡಿದ. ಎರಡು ಸಲ ಪುಕ್ ಪುಕ್ ಎಂದಿತು, ಆಮೇಲೆ ಇಲ್ಲ. ಪಾತ್ರೆಯೊಳಗೆ ಮಾತ್ರ ಇನ್ನೂ ನಾಲ್ಕಾರು ಗುಳ್ಳೆ ಎದ್ದು ಒಡೆದವು.

ಕಡ್ಡಿ ಗೀರಿದ, ಹತ್ತಲಿಲ್ಲ. ಪಕ್ಕದ ಒಲೆಗೂ ಗೀರಿದ. ರೆಗ್ಯುಲೇಟರ್ ಬಿಚ್ಚಿ ಮತ್ತೆ ಹಾಕಿದ. ಸಿಲಿಂಡರನ್ನು ತಬ್ಬಿ ಅಲ್ಲಾಡಿಸಿದ. ಹಗುರವಾಗಿ ಕೈಗೆ ಬಂತು. ಅಡ್ಡ ಮಲಗಿಸಿ ಒಲೆ ಹಚ್ಚಿದ. ಒಂದು ಉಸಿರು ಉರಿದು ಅದೂ ಹೋಯಿತು. ಆಗ, ಅಯ್ಯೋ ದೇವರೇ, ಆಗ ನೆನಪಾಯಿತು ಅವನಿಗೆ, ಹೆಂಡತಿ ಅವತ್ತು ಸೀರೆ ಮಡಚುತ್ತ ಹೇಳುತ್ತಿದ್ದ ಮಾತು: ಸಿಲಿಂಡರ್ ಒಂದು ಮುಂದಿನ ಸಂಬಳದ ತನಕ ಬರಬೇಕು.

ಟೊಮೆಟೊದಲ್ಲಿ ಉಳಿಸಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಹೊಸ ಸಿಲಿಂಡರಿಗೆ ಬೇಕು. ಸೌಟಣ್ಣ ನೆಲದ ಮೇಲೆ ಕೂತುಬಿಟ್ಟ. ಏನು ಹೇಳುವುದು? ಗ್ಯಾಸ್ ಸೋರಿತು ಎನ್ನಲೇ? ಏಜೆನ್ಸಿಯವನು ಕಮ್ಮಿ ತುಂಬಿಸಿ ಕೊಟ್ಟ ಎನ್ನಲೇ? ಒಂದೊಂದು ಸುಳ್ಳನ್ನೂ ನಾಲಿಗೆ ಮೇಲಿಟ್ಟು ನೋಡಿದ, ಒಂದೂ ರುಚಿಸಲಿಲ್ಲ. ಸಂಜೆಯಾದದ್ದೇ ತಿಳಿಯಲಿಲ್ಲ.

ಹೆಂಡತಿ ಬಂದಾಗ ಸಿಲಿಂಡರ್ ಅಡುಗೆಮನೆಯ ನಡುವೆ ಕುಡಿದು ಬಿದ್ದವನಂತೆ ಇನ್ನೂ ಅಡ್ಡ ಮಲಗಿತ್ತು. ಅವಳು ಅದನ್ನು ನೋಡಿದಳು, ಪಾತ್ರೆಗಳನ್ನು ನೋಡಿದಳು, ಗಂಡನ ಮುಖ ನೋಡಿದಳು. ಯಾರೂ ಏನೂ ಹೇಳಬೇಕಾಗಲಿಲ್ಲ. ಹೆಗಲಿನ ಬ್ಯಾಗನ್ನೂ ಇಳಿಸದೆ ಒಂದು ಬೆರಳನ್ನು ಪೇಸ್ಟಿನಲ್ಲಿ ಅದ್ದಿ ನೆಕ್ಕಿದಳು.

"ಚೆನ್ನಾಗಿದೆ," ಎಂದಳು.

ಬೈದಿದ್ದರೆ ಆಗುತ್ತಿತ್ತು. ಪಾತ್ರೆ ಎತ್ತಿ ಕುಕ್ಕಿದ್ದರೂ ಆಗುತ್ತಿತ್ತು. ಸೌಟಣ್ಣ ನೆಲದಿಂದ ಎದ್ದ.

"ನಾನು ಎಲ್ಲಾದ್ರೂ ಕೆಲಸ ಹಿಡೀತೀನಿ ಕಣೇ. ಹೋಟೆಲಲ್ಲಿ ಲೋಟ ತೊಳ್ಯೋದಾದ್ರೂ ಸರಿ. ನಾಳೇನೇ ಹೋಗ್ತೀನಿ. ನೀನು ಮಾತ್ರ ಭಾನುವಾರಕ್ಕೆ ಹೆಸ್ರು ಕೊಡ್ಬೇಡ."

"ಹೋಗಿ, ಬೇಡ ಅಂದೋರ್ಯಾರು?" ಅವಳು ಈಗ ಬ್ಯಾಗ್ ಇಳಿಸಿ ಗೋಡೆಗೆ ಒರಗಿ ಕೂತಳು. "ಇವತ್ತು ಕೆಲಸಕ್ಕೆ ಸೇರಿದ್ರೆ ಇವತ್ತೇ ದುಡ್ಡು ಕೊಡ್ತಾರೇನ್ರೀ? ನಾಳೆ ಅಮ್ಮಂಗೆ ಬಿಸಿನೀರು ಬೇಡ್ವಾ? ಮಗೂಗೆ ಏನು ಕಟ್ತೀರಾ ಡಬ್ಬಿಗೆ?"

ಅವನು ಬಗ್ಗಿ ಸಿಲಿಂಡರನ್ನು ಎತ್ತಿ ನಿಲ್ಲಿಸಿದ.

"ನಾನೇ ಮಾತು ಕೊಟ್ಟಿದ್ದೆ," ಎಂದ ಕೊನೆಗೆ.

"ಕೊಟ್ಟಿದ್ರಿ," ಎಂದಳು ಅವಳು. ಕೊಂಕು ಇರಲಿಲ್ಲ ಆ ಮಾತಿನಲ್ಲಿ. ಸುಸ್ತು ಇತ್ತು. ಅಂದು ರಾತ್ರಿಯ ಅನ್ನ ಮೇಲಿನ ಮನೆಯ ಟೀಚರ ಒಲೆಯಲ್ಲಿ ಬೆಂದು ಬಂತು.

ಶುಕ್ರವಾರ ಅವನು ಸಿಕ್ಕಿದ ಹೋಟೆಲಿಗೆಲ್ಲ ನುಗ್ಗಿದ. ಒಬ್ಬ ವಯಸ್ಸು ಕೇಳಿದ, ಒಬ್ಬ ತಲೆಯನ್ನೇ ಎತ್ತಲಿಲ್ಲ. ಇನ್ನೊಬ್ಬ ಮಾತ್ರ, "ತಿಂಗಳು ಕಳೀಲಿ, ಬನ್ನಿ ನೋಡೋಣ," ಎಂದ. ಸಂಜೆ ಹೆಂಡತಿ ಸೂಪರ್‌ವೈಸರ್ ಹತ್ತಿರ ಭಾನುವಾರದ ಕೂಲಿಯನ್ನು ಮುಂಗಡವಾಗಿಯೇ ಇಸಿದುಕೊಂಡು ಬಂದಳು, ಈ ಭಾನುವಾರದ್ದು, ಮುಂದಿನದ್ದು ಎರಡೂ ಸೇರಿಸಿ. ಶನಿವಾರ ಸಿಲಿಂಡರ್ ಬಂತು. ಹೊತ್ತು ತಂದವನಿಗೆ ಸೌಟಣ್ಣ ನೋಟು ಎಣಿಸಿ ಕೊಡುವಾಗ ಅವಳ ಕಡೆ ನೋಡಲಿಲ್ಲ.

ಮಲಗುವ ಮುಂಚೆ ಅವಳು, "ಅಲಾರಂ ಬೇಡ, ಮಗು ಎದ್ದುಬಿಡುತ್ತೆ. ನೀವು ಹೇಗೂ ಬೇಗ ಏಳ್ತೀರಲ್ಲ, ಎಬ್ಬಿಸಿಬಿಡಿ," ಎಂದಳು.

ಭಾನುವಾರ ಅವನು ಕತ್ತಲಿರುವಾಗಲೇ ಎದ್ದ. ಹೊಸ ಸಿಲಿಂಡರಿನ ಉರಿಯನ್ನು ಕಣ್ಣಿಗೆ ಕಾಣುವಷ್ಟು ಮಾತ್ರ ಹಚ್ಚಿ ಅನ್ನ ಮಾಡಿದ, ಒಂದು ಕುದಿ ಬಂದೊಡನೆ ಆರಿಸಿ ಮುಚ್ಚಳದ ಮೇಲೆ ರುಬ್ಬುವ ಗುಂಡನ್ನಿಟ್ಟ. ಅವಳ ಡಬ್ಬಿ ಕಟ್ಟಿದ. ನೀರಿನ ಬಾಟಲಿ ತುಂಬಿದ. ಚಪ್ಪಲಿಯನ್ನು ಬಾಗಿಲ ಹತ್ತಿರ ಜೋಡಿಸಿಟ್ಟ. ಇನ್ನು ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ತೊಳೆದ ಲೋಟವನ್ನೇ ಇನ್ನೊಮ್ಮೆ ತೊಳೆದ.

ಕೋಣೆಯಲ್ಲಿ ಬೆಳಕು ಹರಿಯುತ್ತಿತ್ತು. ಮಗಳ ಕಾಲು ಅಮ್ಮನ ಹೊಟ್ಟೆಯ ಮೇಲಿತ್ತು. ಹೆಂಡತಿ ಬಾಯಿ ಅರೆ ತೆರೆದು ಮಲಗಿದ್ದಳು, ಒಂದು ಕೈ ಕತ್ತಿನ ಹಿಂದೆ. ಮೂಲೆಯಲ್ಲಿ ಅತ್ತೆಗೆ ಎಚ್ಚರವಾಗಿತ್ತು. ಅವಳು ಅಳಿಯನನ್ನು ಒಂದು ಗಳಿಗೆ ನೋಡಿ ಗೋಡೆಯ ಕಡೆಗೆ ಹೊರಳಿಕೊಂಡಳು.

ಸೌಟಣ್ಣ ಹಾಸಿಗೆಯ ಪಕ್ಕ ಕೂತ. "ಏ... ಇವಳೇ," ಎಂದ. ಅವನಿಗೇ ಕೇಳಿಸದಷ್ಟು ಮೆಲ್ಲಗೆ ಎಂದ. ಆಮೇಲೆ ಸ್ವಲ್ಪ ಗಟ್ಟಿಯಾಗಿ.

ಅವಳು ಕಣ್ಣು ತೆರೆಯಲಿಲ್ಲ. ಹೊದಿಕೆಯನ್ನು ಗಲ್ಲದ ತನಕ ಎಳೆದುಕೊಂಡಳು. "ಹೂಂ... ಇವತ್ತು ಭಾನುವಾರ ಅಲ್ವೇನ್ರೀ," ಎಂದಳು ನಿದ್ದೆಯಲ್ಲೇ. ಅವಳ ಮುಖದಲ್ಲಿ ಸಣ್ಣ ನಗು ಕೂಡ ಇತ್ತು.

"ಹೌದು ಕಣೇ," ಎಂದ ಸೌಟಣ್ಣ. "ಭಾನುವಾರ."

ಅವಳ ಉಸಿರು ಮತ್ತೆ ನಿಧಾನವಾಯಿತು. ಅವನು ಕೂತೇ ಇದ್ದ. ಬೀದಿಯ ತಿರುವಿನಲ್ಲಿ ವ್ಯಾನು ಬಂದು ನಿಂತ ಸದ್ದಾಯಿತು, ಹಾರ್ನ್ ಒಂದು ಸಲ ಕೂಗಿತು. ಅವನು ಮಗಳ ಕಾಲನ್ನು ಮೆತ್ತಗೆ ಎತ್ತಿ ಪಕ್ಕಕ್ಕಿಟ್ಟು, ಹೆಂಡತಿಯ ಹೆಗಲ ಮೇಲೆ ಕೈಯಿಟ್ಟ.