ತಿಜೋರಿಯಪ್ಪನ ತಗಡು

ಜೀಪಿನಡಿಗೆ ಅಂಗಾತ ಮಲಗಿದ್ದ ಅಪ್ಪ, ಎಂಜಿನ್ನಿಗೆ ಕಲ್ಲು ತಗಲದಂತೆ ಅಡಿಯಲ್ಲಿ ಬಿಗಿದಿದ್ದ ಹಳೆಯ ತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಅದು ಬಿಸ್ಕತ್ತಿನ ಡಬ್ಬಿಯ ಹಾಗೆ ಸದ್ದು ಮಾಡಿತು. ನಡುವೆ ಹರಿದು ಒಳಕ್ಕೆ ಮಡಚಿಕೊಂಡಿತ್ತು.

"ಇದನ್ನ ನಂಬ್ಕೊಂಡು ಆ ಕಲ್ಲಿನ ಮೇಲೆ ಹೋಗಿದ್ಯಾ? ಒಂದು ರಟ್ಟಿನ ಪೆಟ್ಟಿಗೆ ಕಟ್ಕೊಂಡಿದ್ರೂ ಆಗ್ತಿತ್ತಲ್ಲೇ!"

"ಗಾಡಿ ಜೊತೆ ಬಂದಿದ್ದೇ ಅದು. ನಾನೇನು ಹೇಳಿ ಹೊಲಿಸಿದ್ದಲ್ಲ" ಎಂದೆ.

ನಮ್ಮ ಮನೆಯಲ್ಲಿ ಎಲ್ಲರಿಗೂ ಕೋಪ ಮೂಗಿನ ತುದಿಯಲ್ಲೇ. ಅವತ್ತು ಅದಕ್ಕೆ ಕಾರಣವೂ ಇತ್ತು. ಬೆಟ್ಟದ ಮೇಲಿನ ಪಂಪ್‌ಹೌಸಿಗೆ ಡೀಸೆಲ್ಲು, ದಿನಸಿ ಸಾಗಿಸುವ ಜೀಪು ನನ್ನದು. ಪಂಪು ನೋಡಿಕೊಳ್ಳುವವನು ನನ್ನ ಅಣ್ಣ. ಅಲ್ಲಿನ ಕ್ವಾರ್ಟರ್ಸಿನಲ್ಲಿ ಅವನ ಜೊತೆ ಅತ್ತಿಗೆ ಇದ್ದಳು, ತುಂಬು ಬಸುರಿ. ಮಗು ಅಡ್ಡ ಮಲಗಿದೆ, ಆಪರೇಷನ್ನೇ ಆಗಬೇಕು, ನೋವು ಶುರುವಾಗುವ ಮೊದಲೇ ಆಸ್ಪತ್ರೆಗೆ ಕರೆತಂದುಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅವಳನ್ನು ಕರೆತರಲು ನಾನೇ ಹೊರಟಿದ್ದೆ. ಮೇಲಕ್ಕಿರುವುದು ಒಂದೇ ದಾರಿ. ಅದೂ ದಾರಿಯಲ್ಲ, ನೀರು ಬತ್ತಿದ ಹಳ್ಳ. ಅರ್ಧ ಹತ್ತುವಷ್ಟರಲ್ಲಿ ಒಂದು ಚೂಪುಗಲ್ಲು ತಗಡನ್ನು ಸೀಳಿ ಆಯಿಲ್ ಚೇಂಬರಿಗೇ ತೂತು ಮಾಡಿತು. ಎಂಜಿನ್ನಿನ ಎಣ್ಣೆಯೆಲ್ಲ ಕಲ್ಲುಗಳ ಪಾಲಾಯಿತು. ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ವಾಪಸು ಬಂದೆ. ಅದನ್ನು ನೋಡಿದ ಮೇಲೆ ಬೇರೆ ಯಾವ ಜೀಪಿನವನೂ ಆ ಕಡೆ ತಲೆ ಹಾಕಲು ಒಪ್ಪಲಿಲ್ಲ. ಮಂಚದ ಮೇಲೆ ಹೊತ್ತು ತರೋಣವೆಂದರೆ, ಅಲುಗುವ ಆ ಕಲ್ಲುಗಳ ಮೇಲೆ ಹೊತ್ತವರಲ್ಲಿ ಒಬ್ಬ ಎಡವಿದರೂ ಮುಗಿಯಿತು.

ಗ್ಯಾರೇಜಿನವನು ಹೊಸ ಚೇಂಬರ್ ಕೂರಿಸಿಕೊಟ್ಟ. ಅದನ್ನು ಕಾಯುವ ತಗಡು ಮಾಡುವುದು ನಮ್ಮ ಪಾಲಿಗೆ ಬಂತು.

ಅಪ್ಪ ತಿಜೋರಿ ಮಾಡುವವನು. ಪೇಟೆಯಲ್ಲಿ ಅವನನ್ನು ತಿಜೋರಿಯಪ್ಪ ಎಂದರೇ ಗುರುತು. ಅವನ ವರ್ಕ್‌ಶಾಪಿನ ಗೋಡೆಗೆ ಬಗೆಬಗೆ ದಪ್ಪದ ಲೋಹದ ಹಾಳೆಗಳು ಒರಗಿ ನಿಂತಿದ್ದವು. ನಾನು ನೇರವಾಗಿ ಅಲ್ಯೂಮಿನಿಯಂ ಹತ್ತಿರ ಹೋದೆ. ಹಗುರ, ತುಕ್ಕು ಹಿಡಿಯುವುದಿಲ್ಲ, ಶಾಖವನ್ನೂ ಬೇಗ ಬಿಟ್ಟುಕೊಡುತ್ತದೆ. ಅಪ್ಪ ಅಲ್ಯೂಮಿನಿಯಂನದೊಂದು, ಉಕ್ಕಿನದೊಂದು ತುಂಡು ತಂದು ಬಾಗಿಲ ಮುಂದಿನ ಕಲ್ಲಿನ ಮೆಟ್ಟಿಲಿಗೆ ಒತ್ತಿ ಎಳೆದ. ಅಲ್ಯೂಮಿನಿಯಂ ಕಲ್ಲಿಗೆ ಕಚ್ಚಿಕೊಂಡು ನಿಂತಿತು. ಉಕ್ಕು ಕಿರ್ರೆಂದು ಜಾರಿ ಹೋಯಿತು.

"ಇದು ಕಲ್ಲನ್ನ ತಬ್ಕೊಳ್ಳುತ್ತೆ, ಇದು ಒದ್ದು ಮುಂದೆ ಹೋಗುತ್ತೆ. ನಿನಗ್ಯಾವುದು ಬೇಕು?"

ಸರಿ, ಉಕ್ಕೇ ಇರಲಿ ಎಂದೆ. ಅವನು ತಕ್ಷಣ ತಿಜೋರಿಯ ಬಾಗಿಲಿಗೆ ಹಾಕುವ ದಪ್ಪ ಹಾಳೆಗೆ ಕೈ ಹಾಕಿದ.

"ಅಪ್ಪಾ, ಅದರ ಭಾರಕ್ಕೆ ಮುಂದಿನ ಸ್ಪ್ರಿಂಗು ಕುಸಿದು ಜೀಪೇ ಕಲ್ಲಿನ ಮೇಲೆ ಕೂತ್ಕೊಳ್ಳುತ್ತೆ."

ತರಕಾರಿ ಅಂಗಡಿಯಲ್ಲೂ ಇಲ್ಲದ ಚೌಕಾಸಿ ನಡೆದು, ಕೊನೆಗೆ ನಡುವಿನ ದಪ್ಪಕ್ಕೆ ಇಬ್ಬರೂ ಒಪ್ಪಿದೆವು. ಅಳತೆ ನಾನೇ ಹಿಡಿದೆ. ತಗಡನ್ನು ಎಂಜಿನ್ನಿಗಲ್ಲ, ಜೀಪಿನ ಅಡಿಚೌಕಟ್ಟಾದ ಚಾಸಿಗೆ ಮಾತ್ರ ಬಿಗಿಯಬೇಕು, ಇಲ್ಲದಿದ್ದರೆ ಪ್ರತಿ ಪೆಟ್ಟೂ ಎಂಜಿನ್ನಿಗೇ ತಗಲುತ್ತದೆ ಎಂದೆ. ತುಂಡುಗಳನ್ನು ಜೋಡಿಸುವಾಗ ಮುಂದಿನ ತುಂಡಿನ ಅಂಚು ಹಿಂದಿನದರ ಅಡಿಗೆ ಬರಬೇಕು, ಆಗ ಕಲ್ಲಿಗೆ ಸಿಕ್ಕಿಕೊಳ್ಳಲು ತುದಿ ಸಿಗುವುದಿಲ್ಲ ಎಂದೂ ಹೇಳಿದೆ. "ನನಗೆ ಕಬ್ಬಿಣದ ಪಾಠ ಬೇಡ, ಹೋಗಿ ಡೀಸೆಲ್ ತುಂಬಿಸ್ಕೊಂಡು ಬಾ" ಎಂದು ಗದರಿದ.

ನಾನು ಕ್ಯಾನುಗಳನ್ನು ಹೊತ್ತು ಬರುವಷ್ಟರಲ್ಲಿ ತಗಡು ಜೀಪಿನಡಿ ಕೂತಿತ್ತು. ಬಗ್ಗಿ ನೋಡಿದೆ. ಸುಳ್ಳೇಕೆ ಹೇಳಲಿ, ಕಣ್ಣು ತುಂಬುವಂತಿತ್ತು ಕೆಲಸ. ಬಂಪರಿನಿಂದ ಗೇರ್‌ಬಾಕ್ಸಿನವರೆಗೆ ಒಂದೇ ನಯ, ಪಕ್ಕಗಳೂ ಮಡಚಿ ಮುಚ್ಚಿದ್ದವು. ಎಲ್ಲೂ ಒಂದು ಸಂದಿಲ್ಲ.

"ಬೋಲ್ಟು ಎಲ್ಲಿ?"

"ಒಳಗೆ" ಎಂದ ಅಪ್ಪ. ಅವನ ಮುಖದಲ್ಲಿ ಮದುಮಗನ ಕಳೆಯಿತ್ತು. "ಹೊರಗಿಂದ ಯಾವನೂ ಬಿಚ್ಚೋಕಾಗಲ್ಲ."

"ಯಾರು ಬಿಚ್ಚೋಕೆ ಬರ್ತಾರೆ? ಕಲ್ಲು ಸ್ಪ್ಯಾನರ್ ಹಿಡ್ಕೊಂಡು ಬರುತ್ತಾ?"

ಅಪ್ಪ ತಲೆ ಕೆರೆದುಕೊಂಡ. ಕೈಗೆ ಅಂಟಿದ ಅಭ್ಯಾಸ; ಕಳ್ಳನಿಲ್ಲದ ಕಡೆಯೂ ಅವನ ಕೈ ಕಳ್ಳನನ್ನು ಹುಡುಕುತ್ತದೆ. ನನಗೆ ನಗು ಬಂತು, ಆದರೆ ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಇಟ್ಟಿಗೆ ಭಟ್ಟಿಯ ಹಿಂದಿನ ಏರಿನಲ್ಲಿ ಜೀಪನ್ನು ನಿಧಾನವಾಗಿ ಹತ್ತಿಸಿ ನೋಡಿದಾಗ ಶಾಖದ ಮುಳ್ಳು ಏರುತ್ತ ಏರುತ್ತ ಕೆಂಪು ಗೆರೆ ಮುಟ್ಟಿತು. ಬಾನೆಟ್ ಎತ್ತಿದರೆ ಒಲೆಯ ಬಾಯಿ ತೆರೆದ ಹಾಗಿತ್ತು. ಬಿಸಿಗಾಳಿ ಹೊರಗೆ ಹೋಗಲು ಅಪ್ಪ ಒಂದು ಸಂದನ್ನೂ ಬಿಟ್ಟಿರಲಿಲ್ಲ. ಎಣ್ಣೆ ಸೋರಿದರೂ ಹೊರಗೆ ಕಾಣುವಂತಿರಲಿಲ್ಲ.

"ತೂತು ಹಾಕ್ಬೇಕು" ಎಂದೆ.

"ನಾನು ಮಾಡಿದ್ದಕ್ಕೆ ಇವತ್ತಿನವರೆಗೂ ಯಾರೂ ತೂತು ಹಾಕಿಲ್ಲ."

"ತಿಜೋರಿಯೊಳಗಿನ ದುಡ್ಡು ಬೆವರೋದಿಲ್ಲ ಅಪ್ಪಾ. ಇದು ಎಂಜಿನ್."

ಅವನು ಮುಖ ಊದಿಸಿಕೊಂಡು ಸ್ಟೂಲಿನ ಮೇಲೆ ಕೂತ. ಅಷ್ಟರಲ್ಲಿ ಅಣ್ಣನ ಫೋನ್ ಬಂತು. "ಬೆಳಿಗ್ಗೆಯಿಂದ ಅವಳಿಗೆ ಸೊಂಟ ಹಿಡ್ಕೊಂಡಿದೆ. ನೋವೋ ಏನೋ ಗೊತ್ತಾಗ್ತಿಲ್ಲ. ನೀನು ಯಾವಾಗ ಬರ್ತೀಯಾ?" ಎಂದ. "ಇವತ್ತೇ ಬರ್ತೀನಿ" ಎಂದುಬಿಟ್ಟೆ. ಭಯವಾಗಿತ್ತು ನನಗೆ, ಆದರೆ ಬೇರೆ ಉತ್ತರ ಇರಲಿಲ್ಲ.

ಬಾನೆಟ್ ಎತ್ತಿ, ಮಡ್‌ಗಾರ್ಡಿನ ಮೇಲೆ ಬೋರಲು ಬಿದ್ದು, ಎಂಜಿನ್ನಿನ ಸಂದಿಯಲ್ಲಿ ತೋಳು ತೂರಿಸಿ ಒಂದೊಂದೇ ನಟ್ಟು ಸಡಿಲಿಸಿದೆ. ಕೈ ತರಚಿತು. ಅಪ್ಪನ ಜಾಣತನವನ್ನು ಬಾಯಿತುಂಬ ಬೈದೆ. ಅವನು ಕೇಳಿಸದವನಂತೆ ಕೂತಿದ್ದ. ಕೊನೆಗೂ ತಗಡು ನೆಲಕ್ಕೆ ಬಿತ್ತು. ನಾನು ಸೀಮೆಸುಣ್ಣದಲ್ಲಿ ಅಡ್ಡಡ್ಡ ಗೆರೆ ಎಳೆದು ಗ್ಯಾಸ್ ಕಟರ್ ಹಚ್ಚಿದೆ.

"ಅಡ್ಡ ಕೊಯ್ಬೇಡ!" ಅಪ್ಪ ಎದ್ದೇಬಿಟ್ಟ. "ಕಲ್ಲಿನ ಮೂತಿ ಅದ್ರಲ್ಲಿ ಸಿಕ್ಕಾಕ್ಕೊಳ್ಳುತ್ತೆ. ಗಾಡಿ ಹೋಗೋ ದಿಕ್ಕಿಗೇ ಉದ್ದುದ್ದ ಕೊಯ್ಬೇಕು. ಕೊಡಿಲ್ಲಿ."

ಕಟರ್ ಕಸಿದುಕೊಂಡ. ತನ್ನ ಕೈಯಾರೆ ಮಾಡಿದ ತಗಡನ್ನು ತಾನೇ ಉದ್ದುದ್ದಕ್ಕೆ ಸೀಳಿದ. ಎಣ್ಣೆ ಇಳಿಸಲು ಚೇಂಬರಿನ ಕೆಳಗೊಂದು ಕಿಂಡಿ ಬಿಟ್ಟ, ಪಕ್ಕದ ಮಡಿಕೆಗಳನ್ನು ಕತ್ತರಿಸಿ ಎಸೆದ. ಬೋಲ್ಟುಗಳನ್ನು ಕೆಳಗಿನಿಂದ ಹಾಕಿ, ತಲೆಗಳು ತಗಡಿನೊಳಕ್ಕೆ ಹೂತುಕೊಳ್ಳುವಂತೆ ಗುಳಿ ಕೊರೆದ. ಏರಿನಲ್ಲಿ ಮತ್ತೆ ಹತ್ತಿಸಿದಾಗ ಮುಳ್ಳು ನಡುವಿನಲ್ಲೇ ನಿಂತಿತು. ಬೆಟ್ಟಕ್ಕೆ ಹೊರಡಲು ನಾನು ಗೇರು ಹಾಕುವ ಮೊದಲೇ ಅವನು ಹಿಂದಿನ ಸೀಟಿನಲ್ಲಿ ಕೂತಿದ್ದ. ಬೇಡವೆಂದರೆ ಕೇಳುವ ಆಸಾಮಿಯಲ್ಲ.

ಹತ್ತುವಾಗ ಪೆಟ್ಟು ಬಿದ್ದಾಗಲೆಲ್ಲ ಅಪ್ಪ "ಹೂಂ" ಎನ್ನುತ್ತಿದ್ದ, ತನಗೇ ಯಾರೋ ಗುದ್ದಿದ ಹಾಗೆ. ಪಂಪ್‌ಹೌಸಿನಲ್ಲಿ ಅಣ್ಣ ಹಾಸಿಗೆ ಸುತ್ತಿಟ್ಟುಕೊಂಡು ತಯಾರಾಗಿದ್ದ. ಅದನ್ನು ಹಿಂದೆ ಹಾಸಿ ಅತ್ತಿಗೆಯನ್ನು ಮಲಗಿಸಿದೆವು. ಒಂದು ಬದಿಗೆ ಅಣ್ಣ, ಇನ್ನೊಂದು ಬದಿಗೆ ಅಪ್ಪ ಕೂತರು. ಅತ್ತಿಗೆಗೆ ನೋವು ಶುರುವಾಗಿತ್ತು. ಹಲ್ಲು ಕಚ್ಚಿ ಹಿಡಿದಿದ್ದಳು, ಆದರೂ ಮುಖದಲ್ಲಿ ಗೊತ್ತಾಗುತ್ತಿತ್ತು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಜೀಪಿನ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಕಲ್ಲಿಗೆ ಮೊದಲು ಎದುರಾಗುವುದು ತಗಡೇ. ಹಿಂದಿನ ಸಲ ಚೇಂಬರ್ ಸೀಳಿದ ಜಾಗ ಬಂತು. ಪಕ್ಕಕ್ಕೆ ತಪ್ಪಿಸಿದರೆ ಚಕ್ರ ಗುಂಡಿಗೆ ಬೀಳುತ್ತಿತ್ತು. ನೇರವಾಗಿಯೇ ಹೋದೆ. ಧಡ್ ಎಂದು ಸದ್ದಾಯಿತು, ಜೀಪಿನ ಮೂತಿ ಮೇಲೆದ್ದಿತು. ಆಮೇಲೆ ಕಿರ್ರೆಂದು ಉದ್ದಕ್ಕೆ ಉಜ್ಜುತ್ತ ಜಾರಿದ ಸದ್ದು, ಚಕ್ರಗಳು ಮತ್ತೆ ನೆಲ ಹಿಡಿದವು. ಎಣ್ಣೆಯ ಮುಳ್ಳು ಅಲ್ಲಾಡಲಿಲ್ಲ.

"ಮಾವ, ಇನ್ನೂ ಎಷ್ಟು ಕಲ್ಲಿದೆ?" ಅತ್ತಿಗೆ ಏದುಸಿರಿನಲ್ಲಿ ಕೇಳಿದಳು.

"ಎಷ್ಟಾದ್ರೂ ಇರ್ಲಿ ತಾಯಿ. ನೀನು ನನ್ನ ಕೈ ಹಿಡ್ಕೋ."

ಆಸ್ಪತ್ರೆಯಲ್ಲಿ ಅವಳನ್ನು ನೇರವಾಗಿ ಒಳಗೆ ಕರೆದೊಯ್ದರು. ಅಣ್ಣ ಬಾಗಿಲಿಗೆ ಹಣೆ ಆನಿಸಿ ನಿಂತ. ನರ್ಸು ಹೊರಗೆ ಬಂದು, ಹೆಣ್ಣುಮಗು, ಇಬ್ಬರೂ ಕ್ಷೇಮ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದಾಗ ಅವನು ಅಲ್ಲೇ ಕುಸಿದು ಕೂತು ಮಗುವಿನಂತೆ ಅತ್ತ. ನಾನೂ ಅತ್ತೆ. ಅಪ್ಪನಿಗೆ ಹೇಳೋಣವೆಂದು ತಿರುಗಿದರೆ ಬೆಂಚು ಖಾಲಿಯಿತ್ತು.

ಹೊರಗೆ ಬಂದೆ. ಜೀಪಿನಡಿಯಿಂದ ಅವನ ಎರಡು ಕಾಲು ಚಾಚಿಕೊಂಡಿದ್ದವು.

"ಅಪ್ಪಾ, ಮೊಮ್ಮಗಳು. ಬಾ, ನೋಡು."

ಬಗ್ಗಿ ಇಣುಕಿದೆ. ತಗಡಿನ ನಡುವೆ ಬಿದ್ದ ಉದ್ದನೆಯ ನೆಗ್ಗಿನ ಮೇಲೆ ಅಂಗೈ ಇಟ್ಟು ಮಲಗಿದ್ದ. ಕೆನ್ನೆಗಳು ಒದ್ದೆಯಾಗಿದ್ದವು.

"ಕಣ್ಣಿಗೆ ಎಣ್ಣೆ ಬಿತ್ತು ಕಣೇ" ಎಂದ.

ನೆಲ ನೋಡಿದೆ, ತಗಡು ನೋಡಿದೆ. ಒಂದು ತೊಟ್ಟು ಎಣ್ಣೆಯೂ ಎಲ್ಲೂ ಸೋರಿರಲಿಲ್ಲ.