ಮುಟ್ಟಿನ ಪುಸ್ತಕ

"ಏನೇ, ಮತ್ತೆ ಉಚ್ಚೆನಾ? ನೀನು ಹೆಂಗ್ಸೋ, ಒಡೆದ ನಲ್ಲಿನೋ?"

ಮೇಸ್ತ್ರಿ ಪಾಂಗ್ ಕೂಗಿದ್ದು ನಲವತ್ತು ಹೊಲಿಗೆ ಯಂತ್ರಗಳ ಸದ್ದನ್ನೂ ಮೀರಿ ಕೇಳಿತು. ರುಯಿಫೆನ್ ತಲೆ ತಗ್ಗಿಸಿ ನಿಂತಿದ್ದಳು. ಡೊಂಗ್‌ಗುವಾನ್ ನಗರದ ಆ ಬೂಟು ಕಾರ್ಖಾನೆಯಲ್ಲಿ ಸಾಲಿನ ನಲವತ್ತು ಹೆಂಗಸರು ಪಾಯಿಖಾನೆಗೆ ಹೋಗಲು ಇದ್ದದ್ದು ಒಂದೇ ಕೆಂಪು ಬಿಲ್ಲೆ. ಅದು ಪಾಂಗನ ಕೊರಳಲ್ಲಿ ನೇತಾಡುತ್ತಿತ್ತು. ಪಾಳಿಗೆ ಒಂದು ಸಲ. ಮುಟ್ಟಾದವರಿಗೆ ಎರಡು.

"ಮುಟ್ಟಾಗಿದೀನಿ, ಅಣ್ಣ."

ಹಾಗಂದದ್ದೇ ತಪ್ಪಾಯಿತು. ಪಾಂಗ್ ಜೇಬಿನಿಂದ ತೆಳು ಪುಸ್ತಕ ತೆಗೆದ. ಎರಡನೇ ಸಲ ಬಿಲ್ಲೆ ಕೇಳಿದವರ ಹೆಸರಿನ ಮುಂದೆ ಅವನು ಅದರಲ್ಲಿ ಗೀಟು ಎಳೆಯುತ್ತಿದ್ದ. ನಾಲ್ಕು ತಿಂಗಳಿನಿಂದ ರುಯಿಫೆನ್ ನೀರು ಕುಡಿಯುವುದನ್ನೇ ಕಡಿಮೆ ಮಾಡಿ, ಹೊಟ್ಟೆಗೆ ಬಟ್ಟೆ ಬಿಗಿದು, ದೊಗಲೆ ಅಂಗಿ ತೊಟ್ಟು ಎಲ್ಲವನ್ನೂ ಮುಚ್ಚಿಟ್ಟಿದ್ದಳು. ತಿಂಗಳಿಗೊಂದು ಸುಳ್ಳು ಗೀಟು ಎಳೆಸಿಕೊಳ್ಳಬೇಕೆಂಬುದು ಮಾತ್ರ ಹೊಳೆದಿರಲಿಲ್ಲ.

"ವಯಸ್ಸಿನೋರು ಎಲ್ರ ಗೀಟೂ ಐತೆ, ನಾಕ್ ತಿಂಗ್ಳಿಂದ ನಿಂದೊಂದೇ ಇಲ್ವಲ್ಲೇ! ಹೊಸವರ್ಷಕ್ಕೆ ಗಂಡನ ಊರಿಗೆ ಹೋದೋಳು ಫಸಲು ಹೊತ್ಕಂಡು ಬಂದಿದೀಯ ಅನ್ನು!"

ಬಸುರಿಯನ್ನು ಕೆಲಸದಿಂದ ತೆಗೆಯಬಾರದೆಂದು ಕಾಯಿದೆಯಿತ್ತು. ಕಾರ್ಖಾನೆ ಯಾರನ್ನೂ ತೆಗೆಯುತ್ತಿರಲಿಲ್ಲ. ಅಂಟು ಬಳಿಯುವ ಕೋಣೆಗೆ ಕಳಿಸುತ್ತಿತ್ತು, ಅಷ್ಟೆ. ಹೋದ ವರ್ಷ ಇದೇ ಸಾಲಿನ ಬಸುರಿ ಶಿಯುಕಿನ್ ಆ ಅಂಟಿನ ನಾತದಲ್ಲಿ ಒಂಬತ್ತು ದಿನ ನಿಂತಳು. ಹತ್ತನೇ ದಿನ ರಕ್ತ ಹೋಯಿತು. ಸ್ವಂತ ಇಷ್ಟದಿಂದ ಕೆಲಸ ಬಿಡುತ್ತಿದ್ದೇನೆ ಎಂಬ ಕಾಗದಕ್ಕೆ ಗೋಡೆ ಹಿಡಿದುಕೊಂಡೇ ರುಜು ಹಾಕಿ ಹೋದಳು.

ಪಕ್ಕದ ಯಂತ್ರದ ಯುಲಿಯಾನ್ ಕೈ ನಿಲ್ಲಿಸದೆಯೇ ಅಂದಳು: "ಕೊಡೋ ಆ ಬಿಲ್ಲೆನ. ನಿನ್ನ ಹೊತ್ತಿದ್ದಾಗ ನಿಮ್ಮವ್ವ ಉಚ್ಚೆ ಕಟ್ಕಂಡು ಕೂತಿದ್ಲಾ?"

"ನಿಂಗ್ಯಾಕೆ ಮುದುಕಿ? ನಿನ್ನ ಗೀಟು ನಿಂತು ಎರಡೊರ್ಷ ಆಯ್ತು." ಪಾಂಗ್ ತಾನೊಬ್ಬನೇ ನಕ್ಕ. ರುಯಿಫೆನ್‌ಳ ಕಡೆ ತಿರುಗಿ ಪುಸ್ತಕವನ್ನು ಅವಳ ಯಂತ್ರದ ಮೇಲೆ ಎಸೆದ. "ನಿಜ ಆದ್ರೆ ಮುಟ್ಟಿನ ಬಟ್ಟೆ ತೋರ್ಸು. ಇಲ್ಲೇ, ಎಲ್ರ ಮುಂದೆ. ಇಲ್ಲಾಂದ್ರೆ ಈಗ್ಲೇ ಅಂಟಿನ ಕೋಣೆಗೆ ನಡಿ."

ರುಯಿಫೆನ್ ಕೂತಳು. ಅರ್ಧ ಹೊಲಿದಿದ್ದ, ಅಂಗೈಯಷ್ಟೇ ಉದ್ದದ, ಕೂಸಿನ ಬಿಳಿ ಬೂಟನ್ನು ಪಕ್ಕಕ್ಕೆ ಸರಿಸಿದಳು. ಪುಸ್ತಕ ಮುಚ್ಚಿ ಸೂಜಿಯಡಿಗೆ ತಳ್ಳಿದಳು. ಚರ್ಮ ತೂರುವ ಸೂಜಿಗೆ ಕಾಗದ ಯಾವ ಲೆಕ್ಕ?

"ಏಯ್! ಏನೇ ಮಾಡ್ತಿದೀಯ?"

ಪೆಡಲು ಒತ್ತುತ್ತಿದ್ದಂತೆ ಅಷ್ಟು ಹೊತ್ತಿನಿಂದ ಕಟ್ಟಿಕೊಂಡಿದ್ದ ಉಚ್ಚೆಯೂ ಕಟ್ಟೆಯೊಡೆಯಿತು. ತೊಡೆಯಿಂದಿಳಿದು, ಪೆಡಲು ದಾಟಿ, ಪಾಂಗನ ಬೂಟಿನವರೆಗೆ ಬಿಸಿಯಾಗಿ ಹರಿಯಿತು. ಅವನು ಹಿಂದಕ್ಕೆ ಹಾರಿದ. ಅವಳು ಕಾಲು ಎತ್ತಲಿಲ್ಲ. ಒಂದು ಮೂಲೆ ತಿರುಗಿಸಿದಳು, ಇನ್ನೊಂದು, ಮತ್ತೊಂದು. ನಾಲ್ಕೂ ಅಂಚು ಮುಗಿದ ಮೇಲೆ ದಾರ ಕತ್ತರಿಸಿ ಪುಸ್ತಕ ಚಾಚಿದಳು.

"ತಗೋ. ಈಗ ಓದು, ಬೇವರ್ಸಿ."

ಪಾಂಗ್ ಉಗುರು ತೂರಿಸಿ ಎಳೆದ. ಏಳು ವರ್ಷ ಪಳಗಿದ ಕೈಯ ಹೊಲಿಗೆ, ಬಿಡಲಿಲ್ಲ.

ಯುಲಿಯಾನಳ ಯಂತ್ರ ನಿಂತಿತು. ಅವಳಾಚೆಯದೂ ನಿಂತಿತು. ಒಂದೊಂದಾಗಿ ಸಾಲಿನ ಕೊನೆಯದೂ ನಿಂತಾಗ, ಅಂಟಿನ ಕೋಣೆಯ ಫ್ಯಾನು ತಿರುಗುವ ಸದ್ದು ಕೇಳಿಸತೊಡಗಿತು. ಅದರ ಬಾಗಿಲು ತೆರೆದೇ ಇತ್ತು.