ಫೋಟೋದಾಗ ಬಾಳ ಚಂದ

ಅನುಷಾಳ ನಿಶ್ಚಿತಾರ್ಥದ ಫೋಟೋಗಳು ದೇಶನೂರಿನ ಮನೆಗೆ ಬಂದ ದಿನ ಅವಳ ಅಜ್ಜಿ ಹೊನ್ನೂರಮ್ಮನಿಗೆ ಮೊದಲು ಹುಟ್ಟಿದ ಅನುಮಾನವೆಂದರೆ, ಬಳ್ಳಾರಿಯ ಸ್ಟುಡಿಯೋದವನು ಬೇರೆ ಯಾರದೋ ಮನೆಯ ಫೋಟೋ ಕೊಟ್ಟು ಕಳಿಸಿದ್ದಾನೆ ಎಂಬುದು. ಸೀರೆ ಮೊಮ್ಮಗಳದ್ದೇ. ಕೈಯಲ್ಲಿನ ಬಳೆ ತಾನೇ ಕೊಟ್ಟದ್ದು. ಮಗ್ಗುಲಲ್ಲಿ ನಿಂತವನು ಅವಳನ್ನು ಮದುವೆಯಾಗಲಿರುವ ಮೋಕ ಊರಿನ ಹುಡುಗ ಹುಲುಗೇಶನೇ. ಆದರೆ ಅವನ ಪಕ್ಕದ ಹುಡುಗಿ ಮಾತ್ರ ಆಗಷ್ಟೇ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿದ್ದಳು.

"ಈಕಿ ಯಾರಕ್ಕಾ?" ಎಂದಳು ಮೈದುನನ ಹೆಂಡತಿ ಸಾವಂತ್ರಮ್ಮ, ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು. "ನಮ್ಮ ಅನುಷಾ ಎಲ್ಲಿ ಅದಾಳ?"

"ಆಕೀನ ಅನುಷಾ, ಚಿಗವ್ವ, ಮತ್ತ್ಯಾರು!" ಎಂದ ಹುಡುಗಿಯ ಅಪ್ಪ ಯರ್ರಿಸ್ವಾಮಿ. "ಎಷ್ಟು ಚಂದ ಬಂದೈತಿ ನೋಡು. ಮದುವಿಗೂ ಅವನಿಗೇ ಹೇಳಾಕ ಹತ್ತೀನಿ."

ಹೊನ್ನೂರಮ್ಮನದು ಮಳೆ ಬಿದ್ದ ಎರೆಹೊಲದ ಕಪ್ಪು ಬಣ್ಣ. ಅದು ಮಗ ಯರ್ರಿಸ್ವಾಮಿಯನ್ನು ಬಿಟ್ಟು ಮೊಮ್ಮಗಳಿಗೆ ಸೀದಾ ಇಳಿದಿತ್ತು. ಆ ಬಣ್ಣದಲ್ಲಿಯೇ ಅನುಷಾ ಡಿಗ್ರಿ ಮುಗಿಸಿದ್ದಳು, ಬಳ್ಳಾರಿಯ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ನಲವತ್ತು ಮಂದಿಯ ಮೇಲೆ ಸೂಪರ್‌ವೈಸರ್ ಆಗಿದ್ದಳು. ಈಗ ಫೋಟೋಗಳನ್ನು ಒಮ್ಮೆ ನೋಡಿ ಒಳಗೆ ಹೋದಳು.

ಸಂಜೆ ಅಕ್ಕಿ ಆರಿಸುತ್ತಿದ್ದ ಅಜ್ಜಿಯ ಪಕ್ಕ ಬಂದು ಕುಳಿತಳು.

"ಮೋಕದಿಂದ ಅತ್ತಿ ಫೋನ್ ಮಾಡಿದ್ರು ಅಜ್ಜಿ. 'ಫೋಟೋದಾಗ ಬಾಳ ಚಂದ ಅದೀಯವ್ವ' ಅಂದ್ರು."

"ಒಳ್ಳೇದಾತಲ್ಲ."

"ಫೋಟೋದಾಗ ಅಂದ್ರು ಅಜ್ಜಿ." ಅನುಷಾ ಒಂದು ಹಿಡಿ ಅಕ್ಕಿ ತೆಗೆದುಕೊಂಡು ಮತ್ತೆ ಮೊರಕ್ಕೆ ಸುರಿದಳು. "ಮದುವಿ ಆಲ್ಬಮ್ಮೂ ಹಿಂಗ ಆದ್ರ, ನಾಳೆ ನನ್ನ ಮಕ್ಕಳು ನೋಡಿ, 'ನಮ್ಮಪ್ಪ ಮೊದಲು ಬ್ಯಾರೆ ಯಾರನ್ನೋ ಕಟ್ಟಿಕೊಂಡಿದ್ದ' ಅಂತಾರ."

ನಗಿಸಲೆಂದೇ ಹೇಳಿದಳು. ಆದರೆ ಮಾತು ಮುಗಿಯುವಷ್ಟರಲ್ಲಿ ಅವಳ ಕಣ್ಣು ತುಂಬಿ ಬಂತು. ಹೊನ್ನೂರಮ್ಮ ಅದನ್ನು ಕಾಣದವಳ ಹಾಗೆ ಮೊರದಲ್ಲಿನ ಕಲ್ಲು ಹುಡುಕಿದಳು. ಅಲ್ಲಿ ಕಲ್ಲೇ ಇರಲಿಲ್ಲ.

ರಾತ್ರಿ ಊಟಕ್ಕೆ ಕುಳಿತ ಮಗನಿಗೆ ಹೇಳಿದಳು: "ಬಳ್ಳಾರಿಯವನಿಗೆ ಇನ್ನೂ ಮಾತು ಕೊಡಬ್ಯಾಡಪ್ಪ. ಹದಿನೈದು ದಿನ ತಡಿ. ಫೋಟೋದವರನ್ನ ನಾ ನೋಡಿ ಆರಿಸ್ತೀನಿ."

"ನೀನೇನು ನೋಡ್ತೀಬೇ? ಎಲ್ಲಾರೂ ಆಲ್ಬಮ್ ತೋರಿಸ್ತಾರ, ಎಲ್ಲಾ ಚಂದಾನ ಇರ್ತಾವ."

"ಅದಕ್ಕ ಆಲ್ಬಮ್ ನೋಡಂಗಿಲ್ಲ. ಎತ್ತು ಕೊಳ್ಳಾಕ ಹೋದಾಗ ನಿಮ್ಮಪ್ಪ ಎತ್ತಿನ ಫೋಟೋ ನೋಡ್ತಿದ್ನೇನು? ಹೂಡಿ ನೋಡ್ತಿದ್ದ."

ಯರ್ರಿಸ್ವಾಮಿ ನಕ್ಕ. "ಹದಿನೈದು ದಿನ ನಿಂದು. ಆಮ್ಯಾಲೆ ನಂದು," ಎಂದ.

ಫೋಟೋದವನನ್ನು ಹೂಡಿ ನೋಡುವುದು ಎಲ್ಲಿ? ಮದುವೆಯಲ್ಲಿ. ಕರೆದ ಮದುವೆಗಳಿಗಾಗಿ ಕಾಯುತ್ತಾ ಕುಳಿತರೆ ಹದಿನೈದು ದಿನಕ್ಕೆ ಒಂದೂ ಸಿಗುವುದಿಲ್ಲ. ಕರೆಯದವು ಬೇಕಾದಷ್ಟಿದ್ದವು, ಲಗ್ನದ ತಿಂಗಳು. ಹೊನ್ನೂರಮ್ಮ ತನ್ನ ಯೋಚನೆಯನ್ನು ಹೇಳಿದಾಗ ಸಾವಂತ್ರಮ್ಮ ಯಾಕೆ ಏನು ಎಂದು ಕೇಳಲಿಲ್ಲ. "ಯಾವ ಸೀರಿ ಉಡ್ಲಿ?" ಎಂದಳು.

ಮನೆಯಲ್ಲಿ ಮೊಣಕಾಲು ನೋವಿನ ನೆಪ. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಬಸ್ಸು ಪುಕ್ಕಟೆ. ಇಬ್ಬರೂ ರೇಷ್ಮೆ ಸೀರೆಯುಟ್ಟು ಡಾಕ್ಟರ ಹತ್ತಿರ ಹೊರಟಿದ್ದನ್ನು ಕಂಡು ಓಣಿಯವರು ಏನೆಂದುಕೊಂಡರೋ, ಯಾರೂ ಕೇಳಲಿಲ್ಲ.

ಮೊದಲು ಬಳ್ಳಾರಿ. ನಿಶ್ಚಿತಾರ್ಥಕ್ಕೆ ಬಂದಿದ್ದವನೇ ಅಂದು ದೊಡ್ಡದೊಂದು ಕಲ್ಯಾಣ ಮಂಟಪದಲ್ಲಿ ಫೋಟೋ ಹಿಡಿಯುತ್ತಿದ್ದ. ಅವನನ್ನೂ ಒಮ್ಮೆ ನೋಡದೆ ಬಿಡುವುದು ನ್ಯಾಯವಲ್ಲ ಎಂದು ಹೊನ್ನೂರಮ್ಮನ ಲೆಕ್ಕ. ಬಾಗಿಲಲ್ಲೇ ಅವನ ಕಡೆಯವರು ಬಂದವರನ್ನೆಲ್ಲ ನಿಲ್ಲಿಸಿ ಫೋಟೋ ತೆಗೆದು, ಅಲ್ಲೇ ಮಷೀನಿನಲ್ಲಿ ಅಚ್ಚು ಹಾಕಿ ಕೈಗೆ ಕೊಡುತ್ತಿದ್ದರು. ಹೊನ್ನೂರಮ್ಮ ತನ್ನದನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

"ಯಾವಾಕಿಯೋ ನನ್ನ ಸೀರಿ ಉಟ್ಕೊಂಡಾಳಬೇ! ಇಷ್ಟು ಬೆಳ್ಳಗ ಆಗಿದ್ರ ಮೈಯಾಗ ರಕ್ತ ಇಲ್ಲ ಅಂತ ಮೊದಲ ದವಾಖಾನಿಗೆ ಹಾಕ್ತಿದ್ರು."

ಸಾವಂತ್ರಮ್ಮ ಮಾತ್ರ ತನ್ನದನ್ನು ಎರಡೆರಡು ಸಲ ನೋಡಿ, ಮೆಲ್ಲಗೆ ಕುಪ್ಪಸದೊಳಗೆ ಇಳಿಸಿದಳು.

ಸಿರುಗುಪ್ಪದ ಮದುವೆಯಲ್ಲಿ ಒಬ್ಬ ಹಿರಿಯರು ತಡೆದು, "ಯಾವ ಕಡಿಯವರವ್ವ?" ಎಂದರು. ಹೊನ್ನೂರಮ್ಮ ಸೆರಗು ಎಳೆದುಕೊಂಡು ಬಾಗಿಲ ಕಡೆ ತಿರುಗಿದಳು. ಸಾವಂತ್ರಮ್ಮ ಮಾತ್ರ ತಣ್ಣಗೆ, "ನೀವು ಯಾವ ಕಡಿಯವರ್ರಿ?" ಎಂದಳು.

"ನಾವು ಹೆಣ್ಣಿನ ಕಡಿಯವರು."

"ನಾವು ಗಂಡಿನ ಕಡಿ," ಎಂದು ಸಾವಂತ್ರಮ್ಮ ಮುಂದಿನ ಸಾಲಿನಲ್ಲೇ ಹೋಗಿ ಕುಳಿತಳು.

ಅಲ್ಲಿನ ಫೋಟೋದವನ ಬಾಯಲ್ಲಿ ತೆಲುಗು. ಮದುಮಗಳ ಸೋದರತ್ತೆಯನ್ನೇ "ಜರಗಂಡಮ್ಮಾ, ಪಕ್ಕಕು ಜರಗಂಡಿ" ಎಂದು ಮೊಣಕೈಯಿಂದ ಸರಿಸಿದ. ಆಕೆ ಪಾಪ ಸರಿದು ಸರಿದು ಮಂಟಪದಿಂದಲೇ ಕೆಳಗಿಳಿದಳು. ತಾಳಿ ಕಟ್ಟುವಾಗ "ಸರಿಯಾಗಿ ಬರಲಿಲ್ಲ, ಇನ್ನೊಂದ್ಸಲ" ಎಂದು ಅವನು ಕೂಗಿದ್ದೇ ಕೂಗಿದ್ದು, ಹೆದರಿದ ಮದುಮಗ ಹೇಳಿದಾಗಲೆಲ್ಲ ಒಂದೊಂದು ಗಂಟು ಹಾಕುತ್ತಾ ಹೋದ. ಮೂರು ಗಂಟು ಬೀಳಬೇಕಾದಲ್ಲಿ ಐದು ಬಿದ್ದವು.

"ಬಿಗಿಯಾತು ಬಿಡು," ಎಂದಳು ಸಾವಂತ್ರಮ್ಮ.

ಹಾಗೆ ಹನ್ನೆರಡು ದಿನ ಕಳೆದವು. ಮೊಣಕಾಲು ಈಗ ನಿಜವಾಗಿಯೂ ನೋಯತೊಡಗಿತ್ತು. ಸಂಜೆ ಬಸ್ಸಿಳಿದು ಬಂದ ಅನುಷಾ ಒಮ್ಮೆ ಅಜ್ಜಿಯ ಮುಖ ನೋಡುತ್ತಿದ್ದಳು. ಫೋಟೋದವನು ಇನ್ನೂ ಸಿಗದ ಹೊನ್ನೂರಮ್ಮ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

ಹದಿಮೂರನೆಯ ದಿನ ಕುರುಗೋಡಿನಲ್ಲಿ ಒಂದು ಮದುವೆ, ಮನೆಯ ಮುಂದೆಯೇ ಚಪ್ಪರ. ಫೋಟೋದವನ ಹೆಸರು ಜಡೆಪ್ಪ ಎಂದು ಅಲ್ಲಿನವರು ಕೂಗುವಾಗ ತಿಳಿಯಿತು. ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಮದುಮಗಳು ಕಪ್ಪಗಿದ್ದಳು. ಅವಳ ಚಿಕ್ಕಮ್ಮ ಬಂದು, "ಒಂಚೂರು ಬೆಳ್ಳಗ ಬರಂಗ ಹಿಡಿಯಪ್ಪ" ಎಂದಳು.

"ಆತ್ರೆವ್ವ, ಅದಕ್ಕೇನು," ಎಂದ ಜಡೆಪ್ಪ.

ಹೊನ್ನೂರಮ್ಮ ನಿಟ್ಟುಸಿರಿಟ್ಟು, ಇವನೂ ಅವರಂಥವನೇ ಅಂದುಕೊಂಡಳು. ಆದರೆ ಜಡೆಪ್ಪ ಮಾಡಿದ್ದು ಬೇರೆ. ಹುಡುಗಿಯ ಮುಖಕ್ಕೆ ರಾಚುತ್ತಿದ್ದ ದೊಡ್ಡ ಲೈಟನ್ನು ಆರಿಸಿದ. ಅವಳ ಮಣೆಯನ್ನು ಎರಡು ಮೊಳ ಸರಿಸಿ, ಚಪ್ಪರದ ತೆರೆದ ಬದಿಗೆ ಮುಖ ಮಾಡಿಸಿದ. ಹೊರಗಿನ ಬೆಳಕು ಅವಳ ಕೆನ್ನೆಯ ಮೇಲೆ ಎಣ್ಣೆ ಹಚ್ಚಿದ ಹಾಗೆ ನಿಂತಿತು. ಅವಳು ಕಪ್ಪಗೇ ಇದ್ದಳು. ಆದರೆ ಅಲ್ಲಿಯವರೆಗೆ ಅವಳನ್ನು ನೋಡದಿದ್ದವರೂ ತಿರುಗಿ ನೋಡಿದರು.

ಊಟದ ಪಂಕ್ತಿಗೆ ಅವನೇ ಕ್ಯಾಮೆರಾ ಹಿಡಿದು ಬಂದ. ಸಾವಂತ್ರಮ್ಮನ ಬಾಯಲ್ಲಿ ಇಡೀ ಲಾಡು.

"ಯಾವ ಕಡಿಯವರ್ರಿ ನೀವು?" ಎಂದ.

ಸಾವಂತ್ರಮ್ಮ ಲಾಡನ್ನು ಒಂದು ದವಡೆಗೆ ತಳ್ಳಿ, "ನೀವು ಯಾವ ಕಡಿಯವರ್ರಿ?" ಎಂದಳು.

"ನಾ ಫೋಟೋ ಹಿಡಿಯೋನ್ರಿ."

ಸಾವಂತ್ರಮ್ಮನ ಬಾಯಿ ತೆರೆದಂತೆಯೇ ಉಳಿಯಿತು. ಇಷ್ಟು ಮದುವೆಗಳಲ್ಲಿ ಅವಳ ಉಪಾಯ ಕೈಕೊಟ್ಟದ್ದು ಇದೇ ಮೊದಲು. ಅದನ್ನು ಕಂಡು ಹೊನ್ನೂರಮ್ಮನಿಗೆ ತಡೆಯಲಾರದ ನಗು ಬಂತು, ಅನ್ನ ನೆತ್ತಿಗೇರುವಷ್ಟು. ಕ್ಯಾಮೆರಾ ಟಕ್ಕೆಂದಿತು.

"ನಾವು ನಿನ್ನ ಕಡಿಯವರಪ್ಪ," ಎಂದಳು ಹೊನ್ನೂರಮ್ಮ ನೀರು ಕುಡಿದು. "ನಿನ್ನ ಕೆಲಸ ನೋಡಾಕ ಬಂದೀವಿ. ಖರೇ ಹೇಳು, ಆಕಿಗೆ ಬೆಳ್ಳಗ ಮಾಡ್ತೀನಿ ಅಂದಿ, ಯಾಕ ಮಾಡಲಿಲ್ಲ?"

ಜಡೆಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಬೆಳ್ಳಗ ಬಂದೈತ್ರಿ ಅಂತ ಹೇಳಿ ಕೊಡ್ತೀನ್ರೆವ್ವ. ಹಂಗ ಹೇಳಿದ ಮ್ಯಾಲೆ ಅವರಿಗೆ ಬೆಳ್ಳಗೇ ಕಾಣ್ತೈತಿ. ಇಲ್ಲೀತನ ಒಬ್ಬರೂ ವಾಪಸ್ ತಂದಿಲ್ಲ."

ಹೊನ್ನೂರಮ್ಮ ತನ್ನ ಎಲೆಯಲ್ಲಿದ್ದ ಲಾಡನ್ನು ಎತ್ತಿ ಅವನ ಕೈಗಿಟ್ಟಳು. ನಾಳಿದ್ದು ಆ ಫೋಟೋಗಳನ್ನು ಹಿಡಿದು ದೇಶನೂರಿಗೆ ಬಾ ಎಂದಳು.

ಹದಿನೈದನೆಯ ದಿನ ಜಡೆಪ್ಪ ಬಂದ. ಯರ್ರಿಸ್ವಾಮಿ ಕಟ್ಟೆಯ ಮೇಲೆ ಕುಳಿತು ಫೋಟೋಗಳನ್ನು ಒಂದೊಂದಾಗಿ ತಿರುವಿದ. ತಲೆಯಾಡಿಸಿದ. ಮತ್ತೊಂದನ್ನು ತಿರುವಿದವನು ಅಲ್ಲೇ ಕೈ ತಡೆದ.

"ಅವ್ವಾ."

"ಏನಪ್ಪ?"

"ಮೊಣಕಾಲಿನ ಡಾಕ್ಟರು ಕುರುಗೋಡಿನಾಗ ಲಾಡು ಬಡಿಸ್ತಾರೇನು?"

ಸಾವಂತ್ರಮ್ಮ ಎದ್ದು, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಒಳಗೆ ನಡೆದಳು. ಒಲೆಯ ಮೇಲೆ ಹಾಲಿರಲಿಲ್ಲ.

"ಕರೀದ ಮದುವಿಗೆ ಹೋಗಿ ಉಂಡು ಬಂದೀರಿ! ನನ್ನ ಮಾನ ಏನಾಗಬೇಕು?"

"ಮಾನಕ್ಕೇನಾಗಿಲ್ರಿ," ಎಂದ ಜಡೆಪ್ಪ ಮೆತ್ತಗೆ. "ಆ ಮನಿಯವರು ಈ ಫೋಟೋನ ದೊಡ್ಡದು ಮಾಡಾಕ ಹೇಳ್ಯಾರ. ಹೆಣ್ಣಿನವರು ಇವರನ್ನ ಗಂಡಿನ ಕಡಿ ಹಿರೇರು ಅಂತಾರ, ಗಂಡಿನವರು ಹೆಣ್ಣಿನ ಕಡಿ ಅಂತಾರ. ನಾ ಸುಮ್ಮನ ಅದೀನಿ."

ಅಷ್ಟರಲ್ಲಿ ಅನುಷಾ ಕೆಲಸದಿಂದ ಬಂದಳು. ಹೆಗಲ ಚೀಲವನ್ನೂ ಇಳಿಸದೆ ಅಪ್ಪನ ಕೈಯಿಂದ ಫೋಟೋ ತೆಗೆದುಕೊಂಡಳು. ಅದರಲ್ಲಿ ಅಜ್ಜಿ ನಗುತ್ತಿದ್ದಳು, ಎಲ್ಲ ಸುಕ್ಕುಗಳ ಸಮೇತ, ಎರೆಹೊಲದ ಅದೇ ಕಪ್ಪು. ಮೂಗುಬೊಟ್ಟಿನ ಬೆಳಕು ಆ ಕಪ್ಪಿನ ಮೇಲೆಯೇ ಕುಳಿತು ಹೊಳೆಯುತ್ತಿತ್ತು.

"ಇವರೇ ಇರಲಿ," ಎಂದಳು.

"ಮೋಕದವರು ಏನಂತಾರ?" ಎಂದ ಯರ್ರಿಸ್ವಾಮಿ. "ನಿಶ್ಚಿತಾರ್ಥದಾಗ ಅಷ್ಟು ಬೆಳ್ಳಗ ಇದ್ದಾಕಿ ಮದುವಿಗೆ…"

"ಅವರು ನನ್ನ ನೋಡಾಕ ಬಂದಾಗ ಕರೆಂಟ್ ಹೋಗಿದ್ದಿಲ್ಲಪ್ಪ. ಹಗಲಿತ್ತು." ಜಡೆಪ್ಪನ ಕಡೆ ತಿರುಗಿದಳು. "ಈಗ ಒಂದು ಹಿಡೀರಿ. ಹಿಂಗೇ."

ಬಸ್ಸಿನಲ್ಲಿ ಕೆದರಿದ ಕೂದಲು, ಬೆರಳ ತುದಿಗೆ ಜೀನ್ಸಿನ ನೀಲಿ. ಜಡೆಪ್ಪ ಅವಳನ್ನು ಹೊಸ್ತಿಲ ಹತ್ತಿರ ಒಂದು ಹೆಜ್ಜೆ ಸರಿಸಿ ನಿಲ್ಲಿಸಿದ, ಹಿಡಿದ, ಕ್ಯಾಮೆರಾದ ಹಿಂಬದಿಯನ್ನು ಅವಳಿಗೆ ತೋರಿಸಿದ. ಅನುಷಾ ಬಹಳ ಹೊತ್ತು ನೋಡಿದಳು. ನೋಡುತ್ತ ನೋಡುತ್ತ ಅವಳ ಭುಜ ಸಡಿಲವಾಯಿತು. ಅದನ್ನು ಅಪ್ಪನ ಕಡೆ ತಿರುಗಿಸಿದಳು.

ಯರ್ರಿಸ್ವಾಮಿ ಬಗ್ಗಿ ನೋಡಿದ. ತಾಯಿಯ ಮುಖ ನೋಡಿದ. ಮತ್ತೆ ಕ್ಯಾಮೆರಾ ನೋಡಿದ.

"ನಮ್ಮವ್ವನಂಗ ಕಾಣ್ತಾಳ," ಎಂದ, ತನಗೆ ತಾನೇ.

"ಹಂಗಂದ್ರ ಚಂದ ಅದಾಳ ಅಂತ ಬಾಯಿ ಬಿಟ್ಟು ಹೇಳಲೇ," ಎಂದಳು ಹೊನ್ನೂರಮ್ಮ. "ನಾಲಿಗಿ ಸವೀತೈತೇನು?"

"ಚಂದ ಅದಾಳ," ಎಂದ ಯರ್ರಿಸ್ವಾಮಿ. ಜಡೆಪ್ಪನಿಗೆ ಮದುವೆಯ ತಾರೀಖು ಹೇಳಿ, ಬರೆದುಕೊಳ್ಳಿರಿ ಎಂದ.